ಖಂಡೇಪೂಜೆಗೆ ತೊಳೆದ ವಿಮಾನ

ಅಮೋಘಸಿದ್ದಪ್ಪನನ್ನು ಬೈಲಹೊಂಗಲದಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ಮಿಲಿಟರಿ ಸಿದ್ದಪ್ಪ. ಅವನ ಮೊದಲನೆಯ ಸಿಟ್ಟು ಇದೇ. ತಾನಿದ್ದದ್ದು ವಾಯುಪಡೆಯಲ್ಲಿ, ಮಿಲಿಟರಿಯಲ್ಲಲ್ಲ ಎಂದು ಊರಿಗೆ ಮರಳಿದ ಏಳು ವರ್ಷಗಳಲ್ಲಿ ಅವನು ಎಷ್ಟು ಸಲ ಹೇಳಿದ್ದಾನೋ ಅವನಿಗೇ ನೆನಪಿಲ್ಲ. ಚಹಾದಂಗಡಿಯ ಅಂದಾನೆಪ್ಪ ಮಾತ್ರ, ‘ಎರಡೂ ಒಂದ ಅಲ್ಲೇನ್ರಿ, ದೇಶಾ ಕಾಯೂದು’ ಎಂದು ಕಪ್ಪು ಮುಂದಿಡುತ್ತಾನೆ. ಅರ್ಧ ಚಹಾ ಬಿಟ್ಟು ಸಿದ್ದಪ್ಪ ಎದ್ದು ಬಂದದ್ದೂ ಉಂಟು. ಮರುದಿನ ಮತ್ತೆ ಅಲ್ಲಿಗೇ ಹೋಗುತ್ತಾನೆ, ಯಾಕೆಂದರೆ ಆ ಓಣಿಯಲ್ಲಿ ಬೇರೆ ಚಹಾದಂಗಡಿ ಇಲ್ಲ.

ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಕಾರಣವಿಲ್ಲದ ಸಿಟ್ಟು ಎಂದರೆ ಅದು ಸುಳ್ಳು. ಇಪ್ಪತ್ತು ವರ್ಷ ಅವನು ಏರ್‌ಫ್ರೇಮ್ ಫಿಟ್ಟರ್ ಆಗಿದ್ದ. ವಿಮಾನದ ಮೈ, ರೆಕ್ಕೆ, ಗಾಲಿ, ಬ್ರೇಕು ಇವೆಲ್ಲ ಅವನ ಪಾಲಿನ ಕೆಲಸ. ಅದರಲ್ಲಿ ಆರು ವರ್ಷ, ರಾಜಸ್ಥಾನದ ಮರಳಿನಲ್ಲಿ, ಒಂದೇ ಒಂದು ಮಿಗ್ ವಿಮಾನ ಅವನ ಕೈಯಲ್ಲಿತ್ತು. ಬೆಳಗಾಗುವ ಮುನ್ನವೇ ಅದರ ಸುತ್ತ ತಿರುಗಿ, ಮೈಮೇಲೆ ಬೆರಳಾಡಿಸಿ, ಒಂದೊಂದು ತಿರುಪು ನೋಡಿ, ದಪ್ಪ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ. ಆ ಸಹಿ ಬೀಳದೆ ಯಾವ ಪೈಲಟ್ಟೂ ಏಣಿ ಹತ್ತುವಂತಿರಲಿಲ್ಲ. ಸಿದ್ದಪ್ಪನ ಸಹಿಯ ಮೇಲೆ ಹಾರಿದ ಆ ವಿಮಾನ ಆರು ವರ್ಷದಲ್ಲಿ ಒಂದು ದಿನವೂ ಮರಳಿ ಬಾರದೆ ಉಳಿಯಲಿಲ್ಲ.

ಇದು ಊರಿಗೆ ಹೇಗೆ ತಿಳಿಯಬೇಕು? ಕೆಲವರು ಅವನೇ ವಿಮಾನ ಹಾರಿಸುತ್ತಿದ್ದ ಎಂದುಕೊಂಡಿದ್ದರು. ಕೆಲವರು ಗಾಲಿಗೆ ಗಾಳಿ ತುಂಬುತ್ತಿದ್ದ ಎಂದುಕೊಂಡಿದ್ದರು. ಎರಡು ಮಾತಿಗೂ ಅವನ ಮೈ ಉರಿಯುತ್ತಿತ್ತು. ತಿದ್ದಲು ಶುರುಮಾಡುತ್ತಿದ್ದ. ಮೂರನೆಯ ಮಾತಿಗೆ ಕೇಳುವವರ ಕಣ್ಣು ಅತ್ತಿತ್ತ ಹೊರಳಿತೋ, ‘ಬಿಡ್ರಿ, ನಿಮಗ ತಿಳಿಯಂಗಿಲ್ಲ’ ಎಂದು ಮುಗಿಸಿಬಿಡುತ್ತಿದ್ದ. ಮನೆಯಲ್ಲಂತೂ ಮೂರನೆಯ ಮಾತಿನವರೆಗೂ ಹೋಗುತ್ತಿರಲಿಲ್ಲ. ಹೆಂಡತಿ ಶೀತಲ್, ತಾಯಿ ಬಾಯವ್ವ ಏನಾದರೂ ಕೇಳಿದರೆ ಮೊದಲ ಮಾತೇ ‘ತಿಳಿಯಂಗಿಲ್ಲ’. ಈಗ ಸಂಪಗಾಂವದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ. ಬಂದವರು ಅವನ ಕೈಗೆ ಪಾಸ್‌ಬುಕ್ಕು ಕೊಟ್ಟು, ‘ಸ್ವಲ್ಪ ಎಂಟ್ರಿ ಹೊಡಿಸಿಕೊಂಡ ಬರ್ರಿ’ ಎನ್ನುತ್ತಾರೆ. ಆ ಸಿಟ್ಟಿನ ಕಥೆಯೇ ಬೇರೆ.

ಮಿಗ್ ವಿಮಾನಗಳನ್ನು ಸೇವೆಯಿಂದ ಬಿಡಿಸುತ್ತಾರೆ ಎಂಬ ಸುದ್ದಿ ಬಂದ ವರ್ಷ ಅವನು ಫೋನಿನಲ್ಲಿ ಹುಡುಕಿ ಹುಡುಕಿ ಅದರ ಪ್ಲಾಸ್ಟಿಕ್ ಮಾದರಿಯ ಒಂದು ಪೆಟ್ಟಿಗೆ ತರಿಸಿದ. ತುಂಡು ತುಂಡಾಗಿ ಬರುತ್ತದೆ, ನಾವೇ ಕತ್ತರಿಸಿ, ತಿಕ್ಕಿ, ಅಂಟಿಸಿ, ಬಣ್ಣ ಹಚ್ಚಿ ವಿಮಾನ ಮಾಡಿಕೊಳ್ಳಬೇಕು. ತನ್ನ ಕೈಯಲ್ಲಿದ್ದ ಆ ಒಂದು ವಿಮಾನವನ್ನೇ, ಅದೇ ಬಣ್ಣ, ಬಾಲದ ಮೇಲೆ ಅದೇ ನಂಬರು, ಹಾಗೆಯೇ ಕಟ್ಟಿ ಊರಿನವರ ಮುಂದಿಡಬೇಕು. ನೋಡ್ರಿ, ಇದು, ಇದರ ಇದಿಷ್ಟು ನನ್ನ ಕೆಲಸವಾಗಿತ್ತು ಎಂದು ಬೆರಳಿಟ್ಟು ತೋರಿಸಬೇಕು. ಬಾಯಿಂದ ಆಗದ್ದು ಕಣ್ಣಿಂದಾದರೂ ಆದೀತು ಎಂಬುದು ಅವನ ಆಸೆ. ಇದಕ್ಕಿಂತ ಹೆಚ್ಚೇನೂ ಅವನು ಕೇಳಿರಲಿಲ್ಲ.

ಪಾರ್ಸೆಲ್ಲು ಬೈಲಹೊಂಗಲಕ್ಕೆ ಬರದೆ ಕಿತ್ತೂರಿನ ಹೈವೇ ಪಕ್ಕದ ಗೋಡೌನಿನಲ್ಲಿ ಹನ್ನೊಂದು ದಿನ ಕೊಳೆಯಿತು. ವಿಳಾಸ ಸಿಗಲಿಲ್ಲವಂತೆ. ಇವನೇ ಬೈಕು ತೆಗೆದುಕೊಂಡು ಹೋಗಿ ಜಗಳಾಡಿ ತಂದ. ಪೆಟ್ಟಿಗೆಯ ಮೇಲೆ ಯಾರೋ ಕೂತೆದ್ದಿದ್ದರು. ಒಳಗಿನದು ಅದಕ್ಕಿಂತ ಕೆಟ್ಟದ್ದು. ಎಡ ರೆಕ್ಕೆ ಸುಟ್ಟ ಹಪ್ಪಳದಂತೆ ತಿರುಚಿತ್ತು. ಮೈಯ ಎರಡು ಹೋಳುಗಳನ್ನು ಜೋಡಿಸಿ ಹಿಡಿದರೆ ನಡುವೆ ಉಗುರು ಹೋಗುವಷ್ಟು ಸಂದಿ. ಸಿದ್ದಪ್ಪ ಆ ಪೆಟ್ಟಿಗೆ ಮಾಡಿದವರ ಏಳು ತಲೆಮಾರನ್ನು ಹಿಂದಿಯಲ್ಲಿ ಬೈದ. ಬೈಗುಳಕ್ಕೆ ಮಾತ್ರ ಅವನಿಗೆ ಹಿಂದಿಯೇ ಬೇಕು, ಇಪ್ಪತ್ತು ವರ್ಷದ ಅಭ್ಯಾಸ. ಬಾಯವ್ವ ಒಳಗಿನಿಂದ, ಯಾರ ಜೋಡಿ ಮಾತಾಡಾಕ ಹತ್ತ್ಯಾನ ಇವ ಎಂದು ಸೊಸೆಯನ್ನು ಕೇಳಿದಳು.

ಅಲ್ಲಿಂದ ಎಂಟು ತಿಂಗಳು ಅವನಿಗೂ ಆ ಪ್ಲಾಸ್ಟಿಕ್ಕಿಗೂ ಯುದ್ಧ. ಇದಕ್ಕೆ ಮೂರು ಗಾಲಿ. ಮೂಗಿನೊಳಗೆ ಭಾರ ತುಂಬದಿದ್ದರೆ ನಾಯಿ ಕೂತಂತೆ ಬಾಲ ಊರಿ ಕೂತುಬಿಡುತ್ತದೆ. ಸೀಸ ಬೇಕಾಯಿತು. ಮನೋಳಿಗೆ ಹೋಗಿ, ಹೊಳೆಯಲ್ಲಿ ಮೀನು ಹಿಡಿಯುವ ಮುದಕಪ್ಪನ ಹತ್ತಿರ ಬಲೆಗೆ ಕಟ್ಟುವ ಸೀಸದ ಗುಂಡು ಬೇಡಿ ತಂದ. ವಿಮಾನಕ್ಕೆ ಎಂದು ಹೇಳಿದ್ದೇ ತಪ್ಪಾಯಿತು, ಮುದಕಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಪೈಲಟ್ ಕೂರುವ ಜಾಗದ ಮೇಲಿನ ಗಾಜಿನಂಥ ಮುಚ್ಚಳವನ್ನು ಚಪ್ಪಲಿ ಅಂಟಿಸುವ ಅಂಟಿನಿಂದ ಕೂರಿಸಿದ. ಬೆಳಗಾಗುವುದರೊಳಗೆ ಅದರ ಮೇಲೆ ಬಿಳಿ ಪೊರೆ. ಅಂಟಿನ ಹೊಗೆ ತಾಗಿತ್ತು. ಅದನ್ನು ಕಿತ್ತು ಮೂಲೆಗೆ ಒಗೆದ. ಆಮೇಲೆ ತಾನೇ ಮಂಚದ ಕೆಳಗೆ ಮೊಣಕಾಲೂರಿ ಹುಡುಕಿ ತೆಗೆದು, ಹಲ್ಲುಜ್ಜುವ ಪೇಸ್ಟಿನಿಂದ ನಾಲ್ಕು ದಿನ ಉಜ್ಜಿ ಪೊರೆ ಬಿಡಿಸಿದ. ಮೂಗಿನಿಂದ ಮುಂದೆ ಚಾಚಿದ ಸೂಜಿಯಂಥ ಕಡ್ಡಿ, ಗಾಳಿಯ ವೇಗ ಅಳೆಯುವುದು, ಅಂಗಿಯ ತೋಳಿಗೆ ಸಿಕ್ಕಿ ಮೂರು ಸಲ ಮುರಿಯಿತು. ಮೂರು ಸಲವೂ ಮನೆಯವರೇ ಬೈಸಿಕೊಂಡರು.

ಸುಖವೇ ಇರಲಿಲ್ಲ ಎಂದಲ್ಲ. ಮೈಯ ಆ ಸಂದಿಗೆ ಕಾರಿಗೆ ಹಚ್ಚುವ ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ತಿಕ್ಕಿ, ಮತ್ತೆ ತುಂಬಿ, ಮತ್ತೆ ತಿಕ್ಕಿ, ಒಂದು ಭಾನುವಾರ ಮಧ್ಯಾಹ್ನ ಕಣ್ಣುಮುಚ್ಚಿ ಬೆರಳಾಡಿಸಿದ. ಜೋಡಣೆ ಎಲ್ಲಿದೆ ಎಂದು ಬೆರಳಿಗೆ ಗೊತ್ತೇ ಆಗಲಿಲ್ಲ. ಆ ಬೆರಳಿಗೆ ಸುಳ್ಳು ಹೇಳುವುದು ಸಾಮಾನ್ಯವಲ್ಲ. ಅವತ್ತು ಅವನು ಎರಡು ರೊಟ್ಟಿ ಹೆಚ್ಚು ತಿಂದ, ಯಾರಿಗೂ ಬೈಯಲಿಲ್ಲ. ಶೀತಲ್ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೋ ಎಂದು.

ಅವನ ಕೆಲಸ ಅರ್ಥವಾದವನು ಊರಿನಲ್ಲಿ ಒಬ್ಬನೇ ಇದ್ದ, ಕಾರುಗಳಿಗೆ ಬಣ್ಣ ಹೊಡೆಯುವ ದಸ್ತಗೀರಸಾಬ. ಅವನ ಸಣ್ಣ ಸ್ಪ್ರೇ ಗನ್ನಿನಿಂದ ತೆಳ್ಳಗೆ ಬೂದು ಬಣ್ಣ ಬಿತ್ತು. ಅದರ ಮೇಲೆ ಸಿದ್ದಪ್ಪ ಹದಿನೈದು ಸಂಜೆ ಕೂತು ಹೊಲಸು ಮಾಡಿದ. ಹೌದು, ಬೇಕಂತಲೇ ಹೊಲಸು. ನಿಜವಾದ ವಿಮಾನ ಅಂಗಡಿಯಿಂದ ತಂದ ಸ್ಟೀಲ್ ಪಾತ್ರೆಯಂತೆ ಹೊಳೆಯುವುದಿಲ್ಲ. ಬಾಲದ ಬಳಿ ಹೊಗೆಯ ಮಸಿ, ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಗೆರೆ, ಗಾಲಿಯ ಸುತ್ತ ಮರಳು. ದೀಪದ ಕಾಡಿಗೆ, ಪೆನ್ಸಿಲ್ಲಿನ ಪುಡಿ, ನೆಲದ ಮಣ್ಣು, ಎಲ್ಲವನ್ನೂ ಕೂದಲೆಳೆಯ ಬ್ರಷ್ಷಿನಿಂದ ಹಚ್ಚಿದ. ಯಾವ ಕಲೆ ಎಲ್ಲಿತ್ತು ಎಂಬುದು ಅವನಿಗೆ ಹೆಂಡತಿಯ ಮುಖಕ್ಕಿಂತ ಚೆನ್ನಾಗಿ ನೆನಪಿತ್ತು. ಹೊಸದನ್ನು ತಂದು ಯಾಕೆ ಹೊಲಸು ಮಾಡುತ್ತೀರಿ ಎಂದು ಶೀತಲ್ ಕೇಳಿದಳು. ಉತ್ತರ ನಿಮಗೆ ಗೊತ್ತೇ ಇದೆ. ತಿಳಿಯಂಗಿಲ್ಲ.

ಆ ಹೊತ್ತಿಗೆ ಸರಿಯಾಗಿ ಪ್ರಜ್ಞಾ ಬಂದಳು. ಹಿಂದಿನ ಓಣಿಯ ಹುಡುಗಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಕ್ಟೋಬರ್ ಎಂಟು ವಾಯುಪಡೆಯ ದಿನ, ದಸರೆಯ ರಜೆ ಮುಗಿದು ಸಾಲಿ ಶುರುವಾಗುವುದೂ ಅವತ್ತೇ, ಕಾಕಾ ನೀವು ಬಂದು ವಿಮಾನ ತೋರಿಸಿ ಮಾತಾಡಬೇಕು ಎಂದಳು. ಅಚ್ಚು ಹಾಕಿಸಿದ ಕಾರ್ಡನ್ನೂ ತಂದುಕೊಟ್ಟಳು. ‘ಶ್ರೀ ಅಮೋಘಸಿದ್ದಪ್ಪ, ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ಭಾರತೀಯ ವಾಯುಪಡೆ’ ಎಂದು ಅದರಲ್ಲಿತ್ತು. ಸಿದ್ದಪ್ಪ ಅದನ್ನು ಓದಿದ. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದ. ಏಳು ವರ್ಷದಲ್ಲಿ ಈ ಊರು ಮೊದಲ ಸಲ ಅವನನ್ನು ಅವನು ಇದ್ದಂತೆ ಕರೆದಿತ್ತು. ಕಾರ್ಡನ್ನು ಬ್ಯಾಂಕಿಗೂ ಒಯ್ದ, ಅಂದಾನೆಪ್ಪನ ಅಂಗಡಿಗೂ ಒಯ್ದ.

ಇನ್ನು ಉಳಿದದ್ದು ಒಂದೇ ಕೆಲಸ. ಬಾಲದ ನಂಬರು, ರೆಕ್ಕೆಯ ಮೇಲಿನ ಗುರುತು ಇವೆಲ್ಲ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಪೊರೆಗಳು. ಅವುಗಳ ಮೇಲೆ ಬಣ್ಣವಿಲ್ಲದ ವಾರ್ನಿಷ್ಷಿನ ಒಂದು ಕೋಟು ಬೀಳಬೇಕು, ಆಗ ಗಟ್ಟಿ. ಆದರೆ ಮಳೆ ಬಿಡಲಿಲ್ಲ. ತಂಪು ಹವೆಯಲ್ಲಿ ಹೊಡೆದರೆ ವಾರ್ನಿಷ್ಷು ಬೆಳ್ಳಗಾಗುತ್ತದೆ, ಬಿಸಿಲು ಬೀಳಲಿ ಎಂದು ದಸ್ತಗೀರಸಾಬ ಹೇಳಿದ. ಸಿದ್ದಪ್ಪ ವಿಮಾನವನ್ನು ಕಪಾಟಿನಲ್ಲಿಟ್ಟು ಬಿಸಿಲಿಗಾಗಿ ಕಾದ. ಮುಟ್ಟಬೇಡಿ ಎಂದು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ತಿಳಿಯುವುದಿಲ್ಲ, ಹೀಗೆ ಅವನ ಲೆಕ್ಕ.

ಖಂಡೇಪೂಜೆಯ ದಿನ ಬಿಸಿಲು ಬಿತ್ತು. ಅವತ್ತು ನಮ್ಮ ಕಡೆ ಅನ್ನ ಕೊಡುವ ಸಾಮಾನೆಲ್ಲ ತೊಳೆದು, ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಕುಡುಗೋಲು, ತಕ್ಕಡಿ, ಟ್ರ್ಯಾಕ್ಟರು, ಮಕ್ಕಳ ಪುಸ್ತಕ, ಯಾವುದನ್ನೂ ಬಿಡುವುದಿಲ್ಲ. ಸಿದ್ದಪ್ಪ ಬೈಕು ತೊಳೆಸಿಕೊಂಡು, ಚೆಂಡುಹೂವು, ಬೂದುಗುಂಬಳ ತರಲು ಹೋದ. ವಾಷಿಂಗ್ ಸೆಂಟರಿನ ಮುಂದೆ ಟ್ರ್ಯಾಕ್ಟರುಗಳ ಸಾಲು ಸಂತೆಪೇಟೆಯವರೆಗೆ ನಿಂತಿತ್ತು. ಮನೆಗೆ ಬಂದಾಗ ಹನ್ನೊಂದೂವರೆ.

ದೇವರ ಕೋಣೆಯ ಮುಂದೆ ಕಂಬಳಿ ಹಾಸಿ ಬಾಯವ್ವ ಪೂಜೆ ಕಟ್ಟಿದ್ದಳು. ಈಳಿಗೆ, ಶೀತಲ್‌ಳ ಹೊಲಿಗೆ ಮಶೀನು, ಸಿದ್ದಪ್ಪನ ತಿರುಪು ಬಿಗಿಯುವ ಪಾನಾಗಳು, ಎಲ್ಲದರ ನಡುವೆ, ಎಲ್ಲಕ್ಕಿಂತ ಎತ್ತರದ ಮಣೆಯ ಮೇಲೆ, ಆ ವಿಮಾನ. ಹಂಡೆಯ ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಹಳೆ ಅರಿವೆಯಿಂದ ಉಜ್ಜಿ ಉಜ್ಜಿ ತೊಳೆದಿದ್ದಳು. ಮಸಿ ಇಲ್ಲ, ಎಣ್ಣೆಯ ಗೆರೆ ಇಲ್ಲ, ಮರಳಿಲ್ಲ. ಬಿಸಿಗೆ ಬಾಲ ಒಂದು ಮಗ್ಗುಲಿಗೆ ಬಾಗಿತ್ತು. ಮೂಗಿನ ಸೂಜಿ ಮುರಿದಿತ್ತು. ಬಾಲದ ನಂಬರಿನಲ್ಲಿ ಒಂದೇ ಒಂದು ಅಂಕಿ ಉಳಿದಿತ್ತು. ಮೂಗಿನಿಂದ ಮುಚ್ಚಳದವರೆಗೆ ಮನೆದೇವರು ಅಮೋಘಸಿದ್ಧನ ಭಂಡಾರ, ಎಂದರೆ ಪೂಜೆಯ ಅರಿಸಿನ, ಢಾಳಾಗಿ ಬಳಿದಿದ್ದಳು. ಆ ಅರಿಸಿನ ಬಿಳಿಯ ಅರಿವೆಯಿಂದಲೇ ಹೋಗುವುದಿಲ್ಲ, ಬೂದು ಬಣ್ಣದಿಂದ ಹೋಗುವುದುಂಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ಮಾತಿನ ರುಚಿ ಅವನಿಗೆ ಅವತ್ತು ಗೊತ್ತಾಯಿತು.

ಸಿದ್ದಪ್ಪ ಒದರಿದ್ದು ಓಣಿಯ ಕೊನೆಯವರೆಗೆ ಕೇಳಿತು. ಪೂಜೆಯ ನಡುವಿನಿಂದ ವಿಮಾನವನ್ನು ಕಸಿದುಕೊಂಡ. ಕೈ ತಾಗಿ ಎಣ್ಣೆಯ ದೀಪ ಕಂಬಳಿಯ ಮೇಲೆ ಉರುಳಿತು, ಶೀತಲ್ ಓಡಿಬಂದು ಸೀರೆಯ ಸೆರಗಿನಿಂದಲೇ ಉರಿ ಆರಿಸಿದಳು. ಅವನಿಗೆ ಅದೂ ಕಾಣಲಿಲ್ಲ. ಈ ಮನೆಯಲ್ಲಿ ಮನುಷ್ಯರಿಲ್ಲ, ದನಗಳಿವೆ ಎಂದ. ಎಂಟು ತಿಂಗಳು ಕಣ್ಣು ಕಳೆದುಕೊಂಡು ಮಾಡಿದ್ದನ್ನು ಮುದುಕಿ ಒಂದು ತಂಬಿಗೆ ನೀರಿನಲ್ಲಿ ಮುಗಿಸಿದಳು ಎಂದ. ಇದೇನು ನಿನಗೆ ಆಟಿಗೆಯಾಗಿ ಕಂಡಿತೇ ಎಂದು ತಾಯಿಯ ಮುಖದ ಹತ್ತಿರ ಹಿಡಿದು ಅಲುಗಾಡಿಸಿದ.

ಬಾಯವ್ವ ಹಿಂದೆ ಸರಿಯಲಿಲ್ಲ. ಅವಳ ಕೈಯಲ್ಲಿ ಇನ್ನೂ ಭಂಡಾರವಿತ್ತು.

‘ಆಟಿಗಿ ಆಗಿದ್ರ ನಾ ಯಾಕ ಮುಟ್ಟತಿದ್ನೋ? ನಿನ್ನ ಕೆಲಸದ್ದು ಅಂತ ಎಲ್ಲಾಕ್ಕಿಂತ ಮ್ಯಾಲೆ ಇಟ್ಟೇನಿ. ಅಷ್ಟ ಹೊಲಸಾಗಿತ್ತು, ಹಂಗ ಹ್ಯಾಂಗ ದೇವರ ಮುಂದ ಇಡೂದು?’

ನ್ಯಾಯವಾಗಿ ನೋಡಿದರೆ ಅಲ್ಲಿಗೆ ಅವನ ಬಾಯಿ ಕಟ್ಟಬೇಕಿತ್ತು. ಹೊರಗಿನವರು ಆಟಿಗೆ ಎಂದು ನಗುವಂಥದ್ದನ್ನು ಕೆಲಸ ಎಂದು ಮಣೆಯ ಮೇಲಿಟ್ಟವಳು ಅವಳೊಬ್ಬಳೇ. ಆದರೆ ಸಿಟ್ಟು ಬಂದವನ ಕಿವಿಗೆ ನ್ಯಾಯ ಹೋಗುವುದಿಲ್ಲ. ‘ನಿನಗೇನ ತಿಳೀತೈತಿ’ ಎಂದು ವಿಮಾನವನ್ನು ಕಪಾಟಿಗೆ ಎಸೆದು, ಹಬ್ಬದ ಊಟ ಬಿಟ್ಟು ಹೊರಟುಹೋದ.

ದಸ್ತಗೀರಸಾಬ ಅಂಗಡಿಯಲ್ಲಿ ಅವತ್ತು ಯಂತ್ರಗಳಿಗೆಲ್ಲ ಹೂವು ಕಟ್ಟಿ ಕೂತಿದ್ದ, ಗಿರಾಕಿಗಳ ಸಮಾಧಾನಕ್ಕೆ. ಎಲ್ಲವನ್ನೂ ಕೇಳಿದ. ಬಾಲವನ್ನು ಮತ್ತೆ ಬಿಸಿನೀರಿನಲ್ಲೇ ನೆಟ್ಟಗೆ ಮಾಡಬಹುದು, ನಂಬರನ್ನು ಕೈಯಿಂದ ಬರೆಯಬಹುದು, ಇನ್ನೂ ವಾರವಿದೆ, ಬಣ್ಣಕ್ಕೇನು, ಮತ್ತೆ ಹೊಡೆದರಾಯಿತು ಎಂದ. ಸಿದ್ದಪ್ಪನಿಗೆ ಸರಿಪಡಿಸುವುದು ಬೇಕಿರಲಿಲ್ಲ, ಸಿಟ್ಟು ಬೇಕಿತ್ತು. ಅಲ್ಲಿಂದಲೇ ಪ್ರಜ್ಞಾಗೆ ಫೋನು ಮಾಡಿ, ನಾನು ಬರುವುದಿಲ್ಲ, ಕಾರ್ಡಿನಲ್ಲಿ ನನ್ನ ಹೆಸರಿಗೆ ಗೀಟು ಹೊಡೆಯಿರಿ ಎಂದುಬಿಟ್ಟ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ದಸ್ತಗೀರಸಾಬ ಮೆಲ್ಲಗೆ ಹೇಳಿದ. ಅದಕ್ಕೂ ಬೈಸಿಕೊಂಡ.

ಮರುದಿನ ದಸರೆ. ಸಂಜೆ ಪ್ರಜ್ಞಾ ಬನ್ನಿ ಕೊಡಲು ಬಂದಳು. ಬಾಯವ್ವನ ಕೈಗೆ ಬನ್ನಿ ಇಟ್ಟು ಕಾಲಿಗೆರಗಿದಳು, ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಸಿದ್ದಪ್ಪನಿಗೂ ಎರಗಿದಳು. ಆಮೇಲೆ ತಾನೇ ಕಪಾಟು ತೆಗೆದು ವಿಮಾನ ನೋಡಿದಳು. ಹೀಗೇ ತನ್ನಿ ಕಾಕಾ, ಹುಡುಗಿಯರಿಗೆ ಬಾಲ ಸೊಟ್ಟಗಿದ್ದರೂ ನಡೆಯುತ್ತದೆ ಎಂದಳು. ಸಿದ್ದಪ್ಪ ಗೋಡೆಯ ಕಡೆಗೆ ತಿರುಗಿ ಕೂತ. ಬಾಯವ್ವ ಹಿಂದಿನ ದಿನದಿಂದ ಮಗನ ಮುಖ ನೋಡಿರಲಿಲ್ಲ. ಟೀಚರ ಮುಂದೆ ಮಗನ ಮರ್ಯಾದೆ ಹೋಗಬಾರದು ಎಂದೋ ಏನೋ, ಅವಳೇ ಬಾಯಿ ಹಾಕಿದಳು.

‘ಬರ್ತಾನ ಬಿಡವ್ವ. ಇಂಥಾ ವಿಮಾನದಾಗ ಇಪ್ಪತ್ತ ವರ್ಷ ಹಾರ್ಯಾನ, ನಿಮ್ಮ ಸಾಲಿಗೆ ಬರೂದೇನ ದೊಡ್ಡದು.’

ಸಿದ್ದಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಊರಿನವರು ಹೇಳಿದ್ದು ಸಾಲದೆಂದು ಮನೆಯಲ್ಲೂ ಇದೇ ಮಾತು.

‘ನಾ ಎಂದೂ ಹಾರಿಲ್ಲ. ಎಷ್ಟ ಸಲಾ ಹೇಳಬೇಕು? ಹಾರಸಾವ್ರು ಬ್ಯಾರೆ. ನಾ ನೆಲದ ಮ್ಯಾಲಿನ ಮನಷ್ಯಾ. ಹಾರಿದ್ದು ತಿರುಗಿ ಬರೂಹಂಗ ನೋಡ್ಕೊಳ್ಳೂದು ನನ್ನ ಕೆಲಸ. ಒಂದ ದಿವಸನೂ ಅದರಾಗ ಕುಂತ ಮ್ಯಾಲೆ ಹೋಗಿಲ್ಲ ನಾ.’

ಬನ್ನಿಯ ಎಲೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಬಾಯವ್ವ ಮಗನ ಕಡೆಗೆ ತಿರುಗಿದಳು. ಪ್ರಜ್ಞಾ ಇಬ್ಬರನ್ನೂ ನೋಡಿದಳು.

‘ಒಂದ ದಿವಸನೂ?’ ಎಂದು ಬಾಯವ್ವ ಕೇಳಿದಳು.

‘ಒಂದ ದಿವಸನೂ.’

‘ಮತ್ತ ಒಳಗ ಕುಂತಿದ್ದ ಫೋಟೋ ಕಳಿಸಿದ್ಯಲ್ಲ?’

ಅದು ಎಲ್ಲರೂ ತೆಗೆಸಿಕೊಳ್ಳುವುದು, ವಿಮಾನ ನಿಂತಾಗ, ಎಂದು ಅವನು ಅದೇ ಸಿಟ್ಟಿನಲ್ಲಿ ಹೇಳಿದ.

ಬಾಯವ್ವ ಎದ್ದು ನಿಂತಳು. ಎಪ್ಪತ್ತು ದಾಟಿದ ಜೀವ, ಗೋಡೆ ಹಿಡಿದು ಏಳುವವಳು. ಅವತ್ತು ಏನನ್ನೂ ಹಿಡಿಯಲಿಲ್ಲ. ಬನ್ನಿಯ ಎಲೆ ನೆಲಕ್ಕೆ ಉದುರಿದವು. ಆ ಮನೆಯಲ್ಲಿ ಅಷ್ಟು ವರ್ಷ ಸಿಟ್ಟು ಮಾಡುವ ಹಕ್ಕು ಒಬ್ಬನದೇ ಆಗಿತ್ತು. ಅವಳ ದನಿ ಏರಲಿಲ್ಲ, ಆದರೆ ಪ್ರಜ್ಞಾ ಒಂದು ಹೆಜ್ಜೆ ಹಿಂದೆ ಸರಿದಳು.

‘ಟಿವ್ಯಾಗ ವಿಮಾನ ಬಿತ್ತು ಅಂದಾಗೊಮ್ಮೆ ನಾ ಒಲಿ ಹಚ್ಚತಿದ್ದಿಲ್ಲ. ನಿನ್ನ ಫೋನ ಬರೂತನಕ ನೀರ ಸೈತ ಕುಡದಿಲ್ಲ. ಒಮ್ಮೆ ಮೂರ ದಿವಸ ಆತು, ನೀ ಫೋನ ಮಾಡಲಿಲ್ಲ, ನಾ ಹಂಗ ಬಿದ್ದಿದ್ನಿ. ಇಪ್ಪತ್ತ ವರ್ಷ. ನಾ ಒಳಗ ಕುಂದ್ರೂದಿಲ್ಲ ಯವ್ವಾ ಅಂತ ಒಂದ ಮಾತ ಹೇಳಾಕ ನಿನಗೇನಾಗಿತ್ತೋ? ಅದೂ ತಿಳೀತಿದ್ದಿಲ್ಲೇನ ನನಗ?’

ಸಿದ್ದಪ್ಪನಿಗೆ ರಜೆಯ ದಿನಗಳು ನೆನಪಾದವು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ತಾಯಿ ಅವನ ಕೈಕಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ವಿಮಾನದಲ್ಲಿ ಹೇಗಿರುತ್ತದೆಪ್ಪಾ ಎಂದು ಒಮ್ಮೆ ಕೇಳಿಯೂ ಇದ್ದಳು. ನಿನಗೆ ತಿಳಿಯುವುದಿಲ್ಲ ಎಂದು ಅವನು ಹೊರಗೆ ಹೋಗಿದ್ದ. ಇಷ್ಟು ವರ್ಷ ಊರಿನ ಮೇಲೆ, ಕೊರಿಯರಿನವನ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ಕಾರಿದ ಸಿಟ್ಟೆಲ್ಲ ಈಗ ಒಟ್ಟಾಗಿ ಅವನ ಮೇಲೆಯೇ ತಿರುಗಿ ಬಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

‘ಯವ್ವಾ’ ಎಂದ.

‘ಮಾತಾಡಬ್ಯಾಡ ನನ್ನ ಜೋಡಿ’ ಎಂದು ಬಾಯವ್ವ ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.